‘ಹಗೂರ ಕೊಡ್ರಿ’ ಎಂದು ಹೇಳಿದ ದಿನ

1986ನೇ ಇಸವಿ. ದಾಂಡೇಲಿ–ಹಳಿಯಾಳ ರಸ್ತೆಯ ಮೇಲಿದ್ದ ಹದಿನಾರು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ರೆಸಿಡೆಂಟ್ ಮೆಡಿಕಲ್ ಆಫೀಸರ್ ಆಗಿದ್ದೆ. ಅಂದರೆ ಆಸ್ಪತ್ರೆಯ ಆವರಣದಲ್ಲಿಯೇ ಇದ್ದು, ಕರೆದಾಗಲೆಲ್ಲ ಎದ್ದು ಹೋಗಬೇಕಾದ ವೈದ್ಯೆ. ಎಂ.ಬಿ.ಬಿ.ಎಸ್. ಮುಗಿದು ಎರಡು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಬಾಗಿಲು ಕಂಡವರು ಯಾರೂ ಇರಲಿಲ್ಲ. ಅಪ್ಪ ಹಳಿಯಾಳ ತಾಲೂಕಿನ ಹಳ್ಳಿಯೊಂದರಲ್ಲಿ ಚಕ್ಕಡಿ ಹೂಡಿ ಬಿದಿರು ಸಾಗಿಸುತ್ತಿದ್ದ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಇದನ್ನು ನಾನು ಎಲ್ಲಿಯೂ ಮುಚ್ಚಿಟ್ಟವಳಲ್ಲ.

ಹುಬ್ಬಳ್ಳಿಯಲ್ಲಿ ಓದುವಾಗ, ಬೆಂಗಳೂರು, ಮೈಸೂರು, ಮಂಗಳೂರು ಕಡೆಯಿಂದ ಬಂದ ಸಹಪಾಠಿಗಳು ನನ್ನ ಮಾತು ಕೇಳಿ ನಗುತ್ತಿದ್ದರು. ನಾನು ‘ಹೆಂಗ’, ‘ಯಾಕ’ ಎಂದರೆ ಹಿಂದಿನ ಬೆಂಚಿನಿಂದ ಅದೇ ಧಾಟಿಯಲ್ಲಿ ಪ್ರತಿಧ್ವನಿ ಬರುತ್ತಿತ್ತು. ಮೊದಲ ವರ್ಷ ಅತ್ತೆ. ಎರಡನೇ ವರ್ಷ ಹಟ ಹಿಡಿದೆ: ನನ್ನ ರೋಗಿಗಳು ಆಡುವ ಮಾತನ್ನೇ ನಾನೂ ಆಡುತ್ತೇನೆ, ನಗುವವರು ನಗಲಿ. ಆ ಹಟದಿಂದ ನನಗೆ ಬಹಳ ಲಾಭವಾಗಿದೆ. ಒಂದು ಸಲ ಮಾತ್ರ ಅದೇ ಹಟ ಒಬ್ಬ ಮನುಷ್ಯನ ಜೀವಕ್ಕೆ ಸಂಚಕಾರ ತರುವುದರಲ್ಲಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿ ತಿಂಗಳ ಒಂದು ಮಂಗಳವಾರ, ಬೆಳಗಿನ ಏಳೂವರೆಯ ಹೊತ್ತಿಗೆ ಮೌಳಂಗಿ ಕಡೆಯಿಂದ ಒಂದು ಲಾರಿ ಬಂದು ನಿಂತಿತು. ಅದರಿಂದ ಇಳಿಸಿದ್ದು ಇನಾಸನನ್ನು. ನಲವತ್ತೈದರ ಆಸುಪಾಸಿನ ಸಿದ್ದಿ ಸಮುದಾಯದ ಮನುಷ್ಯ, ಅಡವಿಯಲ್ಲಿ ಮರ ಕಡಿಯುವ ಕೂಲಿ. ತೆಂಗಿನ ಮರದಂಥ ಆಳು, ಆದರೆ ತುಟಿ ಬಿಳಚಿಕೊಂಡಿತ್ತು. ಜೊತೆಗೆ ಹೆಂಡತಿ ಲೂಸಿಬಾಯಿ.

“ಏನಾತು?” ಎಂದೆ.

“ಕಾಫಿ ಕುಡದಿಲ್ರೀ ಬಾಯಾರ, ಖರೇ ಹೇಳ್ತೇನಿ. ಆದ್ರ ಕಾಫಿ ಕಾರ್ಕೊಂಡಾನ. ಎರಡ ಸಲ,” ಎಂದಳು ಲೂಸಿಬಾಯಿ. ನಮ್ಮ ಕಡೆ ವೈದ್ಯೆಯನ್ನು ಕರೆಯುವುದೇ ‘ಬಾಯಾರ’ ಎಂದು.

ಕಾಫಿ ಬಣ್ಣದ ವಾಂತಿ ಎಂದರೆ ವೈದ್ಯರಿಗೆ ಒಂದೇ ಅರ್ಥ. ಹೊಟ್ಟೆಯೊಳಗೆ ರಕ್ತ ಸೋರಿದೆ, ಆಸಿಡ್ ತಗುಲಿ ಅದು ಕಪ್ಪಾಗಿದೆ. ಏನೇನು ಮಾತ್ರೆ ತೆಗೆದುಕೊಂಡಿದ್ದಿ ಎಂದು ಕೇಳಿದಾಗ ಇನಾಸ ಮೊದಲು ಏನೂ ಇಲ್ಲ ಎಂದ. ಲೂಸಿಬಾಯಿ ಬಿಡಲಿಲ್ಲ.

“ಏನೂ ಇಲ್ಲಂತ! ಸೊಂಟ ನೋವು ಅಂತ ದಿನಾ ಅಂಗಡಿ ಗುಳಿಗಿ ನುಂಗತಾನ್ರಿ. ಮುಂಜಾನೆ ಎರಡ, ಸಂಜೀಕ ಎರಡ. ಅನ್ನ ಬ್ಯಾಡ, ಗುಳಿಗಿ ಬೇಕು.”

ಹಸಿದ ಹೊಟ್ಟೆಗೆ ತಿಂಗಳುಗಟ್ಟಲೆ ನೋವಿನ ಮಾತ್ರೆ. ಜಠರದಲ್ಲಿ ಹುಣ್ಣಾಗಿ ಅದು ಒಸರತೊಡಗಿತ್ತು. ನಾಡಿ ನಿಮಿಷಕ್ಕೆ 112, ರಕ್ತದೊತ್ತಡ 100ಕ್ಕೆ 60. ಒಂದು ಕೈಗೆ ಸಲೈನ್ ಹಚ್ಚಿ, ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸಿ ನೋಡಿದೆ. ಕಪ್ಪು ದ್ರವ ಬಂತು, ಹಸಿ ರಕ್ತ ಇರಲಿಲ್ಲ. ಸದ್ಯಕ್ಕೆ ನಿಂತಿದೆ ಎಂದು ಅರ್ಥ. ಆಗ ನಮ್ಮಲ್ಲಿ ಎಂಡೋಸ್ಕೋಪಿಯೂ ಇರಲಿಲ್ಲ, ರಕ್ತನಿಧಿಯೂ ಇರಲಿಲ್ಲ. ಮತ್ತೆ ರಕ್ತ ವಾಂತಿಯಾದರೆ ಹುಬ್ಬಳ್ಳಿಗೆ ಸಾಗಿಸಬೇಕೆಂದು ಜೀಪಿನ ಚಾಲಕನಿಗೆ ಎಲ್ಲಿಯೂ ಹೋಗದಂತೆ ಹೇಳಿಟ್ಟೆ.

ನಮ್ಮ ಹತ್ತಿರ ಹೊಸದೊಂದು ಔಷಧ ಬಂದಿತ್ತು: ರಾನಿಟಿಡಿನ್ ಇಂಜೆಕ್ಷನ್. ಅದುವರೆಗೆ ಹೊಟ್ಟೆಯ ಹುಣ್ಣಿಗೆ ನಾವು ಕೊಡುತ್ತಿದ್ದುದು ಬಿಳಿ ಆಂಟಾಸಿಡ್ ದ್ರವ, ತಣ್ಣನೆಯ ಹಾಲು. ಅವು ಆಸಿಡ್ ಹುಟ್ಟಿದ ಮೇಲೆ ಅದನ್ನು ತಣಿಸುವಂಥವು. ಈ ಹೊಸ ಔಷಧ ಆಸಿಡ್ ಹುಟ್ಟುವುದನ್ನೇ ತಗ್ಗಿಸುತ್ತಿತ್ತು. ವಾಂತಿ ಮಾಡುವವನಿಗೆ, ಬಾಯಿಯಿಂದ ಏನೂ ಕೊಡಲಾಗದವನಿಗೆ ಇಂಜೆಕ್ಷನ್ ರೂಪವೇ ಗತಿ. ಎರಡು ಎಂ.ಎಲ್. ಆಂಪೂಲಿನಲ್ಲಿ ಐವತ್ತು ಮಿಲಿಗ್ರಾಂ. ಮಾಂಸಖಂಡಕ್ಕೆ ಕೊಡುವುದಾದರೆ ಹಾಗೆಯೇ ಕೊಡಬಹುದು. ರಕ್ತನಾಳಕ್ಕೆ ಕೊಡುವುದಾದರೆ ಸಲೈನ್ ಬೆರೆಸಿ ಇಪ್ಪತ್ತು ಎಂ.ಎಲ್. ಮಾಡಿ, ಐದು ನಿಮಿಷ ಹಿಡಿಸಿ ಕೊಡಬೇಕು. ಅವಸರದಲ್ಲಿ ತಳ್ಳಿದರೆ ಕೆಲವರಲ್ಲಿ ಹೃದಯದ ಬಡಿತ ಒಮ್ಮೆಲೇ ಇಳಿದುಹೋಗುತ್ತದೆ. ಇದೆಲ್ಲ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇತ್ತು. ಆ ಚೀಟಿಯನ್ನು ನಾನು ಎರಡು ಸಲ ಓದಿ, ಮಡಚಿ, ನನ್ನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಜೇಬಿನಲ್ಲಿಟ್ಟ ಚೀಟಿ ಇನ್ನೊಬ್ಬರಿಗೆ ಓದಲು ಸಿಗುವುದಿಲ್ಲ ಎಂಬುದು ಅಂದು ಹೊಳೆಯಲಿಲ್ಲ.

ಕಿಡ್ನಿಯ ತೊಂದರೆ, ಹೃದಯದ ತೊಂದರೆ ಇಲ್ಲವೆಂದು ವಿಚಾರಿಸಿಕೊಂಡು, ಎಂಟು ಗಂಟೆಗೆ ಮೊದಲ ಡೋಸನ್ನು ನಾನೇ ಕೊಟ್ಟೆ. ಐದು ನಿಮಿಷ ಆತನ ಮಗ್ಗುಲಲ್ಲೇ ಕುಳಿತಿದ್ದೆ. ಏನೂ ತೊಂದರೆಯಾಗಲಿಲ್ಲ. ಕೇಸ್ ಪೇಪರಿನಲ್ಲಿ ಬರೆದೆ: ‘ಇಂಜೆಕ್ಷನ್ ರಾನಿಟಿಡಿನ್ 50 ಮಿ.ಗ್ರಾಂ., ಐ.ವಿ., ಆರು ತಾಸಿಗೊಮ್ಮೆ.’ ಅಷ್ಟೇ. ಎಷ್ಟು ಸಲೈನ್ ಬೆರೆಸಬೇಕು, ಎಷ್ಟು ನಿಮಿಷ ಹಿಡಿಸಬೇಕು, ಬರೆಯಲಿಲ್ಲ.

ಮಧ್ಯಾಹ್ನ ಎರಡಕ್ಕೆ ದಾದಿಯರ ಪಾಳಿ ಬದಲಾಗುತ್ತಿತ್ತು. ಬೆಳಿಗ್ಗೆ ನನ್ನ ಜೊತೆಗಿದ್ದವರು ಹೋಗಿ, ಸಿಸ್ಟರ್ ಸರೋಜ ಬಂದರು. ನಂಜನಗೂಡು ಕಡೆಯವರು, ನಮ್ಮಲ್ಲಿಗೆ ಸೇರಿ ಎಂಟೇ ದಿನ. ನಾನು ಹೆರಿಗೆ ಕೋಣೆಯಲ್ಲಿದ್ದೆ, ಎರಡೂ ಕೈಗೆ ಗ್ಲೌಸು. ಅವರು ಬಾಗಿಲಲ್ಲಿ ನಿಂತು ಇನಾಸನ ಬಗ್ಗೆ ಕೇಳಿದರು.

“ಮೇಡಂ, ಏಳನೇ ಬೆಡ್‌ಗೆ ಎರಡು ಗಂಟೆ ಇಂಜೆಕ್ಷನ್ ಇದೆಯಲ್ಲ, ಕೊಟ್ಬಿಡ್ಲಾ?”

“ಕೊಡ್ರಿ ಸಿಸ್ಟರ್. ಹಗೂರ ಕೊಡ್ರಿ ಮತ್ತ.”

“ಆಯ್ತು ಮೇಡಂ.”

ನಾಲ್ಕು ನಿಮಿಷವೂ ಆಗಿರಲಿಲ್ಲ, ವಾರ್ಡಿನಿಂದ ಲೂಸಿಬಾಯಿಯ ಕೂಗು ಕೇಳಿತು. “ಬಾಯಾರ! ಓಡಿ ಬರ್ರಿ! ಮನಷ್ಯಾ ತಣ್ಣಗಾಗಾಕತ್ತಾನ!”

ಕೂಸು ಆಗಲೇ ಹುಟ್ಟಿ ಅಳುತ್ತಿತ್ತು. ಬಾಣಂತಿಯನ್ನು ಸೂಲಗಿತ್ತಿ ನರ್ಸಿಗೆ ಒಪ್ಪಿಸಿ ಓಡಿದೆ. ಇನಾಸನ ಹಣೆ ಬೆವರಿ ತೊಯ್ದಿತ್ತು. ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ರಕ್ತದೊತ್ತಡ 80ಕ್ಕೆ ಇಳಿದಿತ್ತು. ಸಿಸ್ಟರ್ ಸರೋಜ ಗಾಬರಿಯಿಂದ, “ಮತ್ತೆ ಬ್ಲೀಡಿಂಗ್ ಶುರುವಾಯ್ತು ಅನ್ಸುತ್ತೆ ಮೇಡಂ, ಜೀಪ್ ಹೇಳ್ಲಾ?” ಎಂದರು. ಯಾರಿಗಾದರೂ ಹಾಗೆಯೇ ಅನಿಸಬೇಕು. ನನಗೂ ಒಂದು ಕ್ಷಣ ಹಾಗೆಯೇ ಅನಿಸಿತು. ಆತನ ಮಣಿಕಟ್ಟು ಹಿಡಿದೆ.

ನಾಡಿ ನಿಮಿಷಕ್ಕೆ 36.

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ರಕ್ತ ಸೋರಿದರೆ ನಾಡಿ ಓಡುತ್ತದೆ. ಇರುವಷ್ಟು ರಕ್ತವನ್ನು ಮೈಗೆಲ್ಲ ಮುಟ್ಟಿಸಲು ಹೃದಯ ದುಪ್ಪಟ್ಟು ದುಡಿಯುತ್ತದೆ. ಬೆಳಿಗ್ಗೆ 112 ಇದ್ದದ್ದು ಅದಕ್ಕೇ. ಈಗ ಒತ್ತಡವೂ ಇಳಿದಿದೆ, ನಾಡಿಯೂ ಇಳಿದಿದೆ. ಮೂಗಿನ ನಳಿಕೆಯಲ್ಲಿ ಹಸಿ ರಕ್ತವೂ ಇಲ್ಲ. ಹಾಗಾದರೆ ಇದು ಹುಣ್ಣಿನ ಕೆಲಸವಲ್ಲ, ಔಷಧದ್ದು. ಆ ಸ್ಥಿತಿಯಲ್ಲಿ ಜೀಪಿಗೆ ಹಾಕಿದ್ದರೆ ಆತ ಹಳಿಯಾಳ ದಾಟುತ್ತಿದ್ದನೋ ಇಲ್ಲವೋ. ಜೀಪು ಬೇಡ ಎಂದೆ. ಕಾಲು ಎತ್ತರಕ್ಕೆ ಇಡಿಸಿದೆ, ಆಕ್ಸಿಜನ್ ಹಚ್ಚಿದೆ, ಸಲೈನ್ ಜೋರು ಬಿಟ್ಟೆ. ಬಡಿತ ಏರಿಸುವ ಅಟ್ರೋಪಿನ್ 0.6 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟೆ. ಬೆರಳು ನಾಡಿಯ ಮೇಲೆಯೇ ಇತ್ತು. 36, 40, 52. ಮೂರನೇ ನಿಮಿಷಕ್ಕೆ 84. ಇನಾಸ ಕಣ್ಣು ತಿರುಗಿಸಿ ಹೆಂಡತಿಯನ್ನು ನೋಡಿ, “ಯಾಕ ಅಳಾಕತ್ತಿ?” ಎಂದ.

“ನಿನ್ನ ಸಲುವಾಗಿ ಅಲ್ಲ ತಗೋ, ಕಣ್ಣಾಗ ಕಸ ಬಿತ್ತು,” ಎಂದಳು ಲೂಸಿಬಾಯಿ.

ಪದವಿ ಪಡೆದ ದಿನಕ್ಕಿಂತ ಆ ಮೂರು ನಿಮಿಷದ ಬಗ್ಗೆ ನನಗೆ ಹೆಚ್ಚು ಹೆಮ್ಮೆ. ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ.

ಸಿಸ್ಟರ್ ಸರೋಜರನ್ನು ಪಕ್ಕಕ್ಕೆ ಕರೆದು ಕೇಳಿದೆ. “ಎಷ್ಟು ಹೊತ್ತು ಹಿಡಿಸಿ ಕೊಟ್ರಿ?”

“ಒಂದು ಐದು ಸೆಕೆಂಡ್ ಆಗಿರಬೇಕು.”

“ಸಲೈನ್ ಬೆರೆಸಿದ್ರೇನು?”

“ಇಲ್ಲ ಮೇಡಂ. ಪೇಪರಿನಲ್ಲಿ ಇರಲಿಲ್ಲ.”

ನನ್ನ ಪಿತ್ತ ನೆತ್ತಿಗೇರಿತು. “ಹಗೂರ ಕೊಡ್ರಿ ಅಂತ ಬಾಯಿಬಿಟ್ಟು ಹೇಳಿದ್ದೆನಲ್ರಿ!”

ಅವರ ಕಣ್ಣು ತುಂಬಿತ್ತು, ಆದರೂ ಮಾತು ಗಟ್ಟಿಯಾಗಿಯೇ ಇತ್ತು. “ಹಗುರವಾಗೇ ಕೊಟ್ಟೆ ಮೇಡಂ. ಕೈ ಎಷ್ಟು ಹಗುರ ಇಟ್ಕೊಂಡಿದ್ದೆ ಅಂದ್ರೆ, ನರದಲ್ಲಿದ್ದ ಸೂಜಿ ಒಂದು ಚೂರೂ ಅಲುಗಲಿಲ್ಲ. ಬೇಕಾದ್ರೆ ಅವರನ್ನೇ ಕೇಳಿ.”

ಆಗ ನನಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ‘ಹಗೂರ’ ಎಂದರೆ ನಿಧಾನ. ‘ಹಗೂರ ನಡಿ’ ಎಂದರೆ ನಿಧಾನಕ್ಕೆ ನಡೆ. ಅವರ ಸೀಮೆಯಲ್ಲಿ ‘ಹಗುರ’ ಎಂದರೆ ಭಾರವಿಲ್ಲದ್ದು, ಮೆತ್ತನೆಯ ಕೈ. ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಹಿಂದಿನ ಬೆಂಚಿನ ನಗುವಿಗೆ ಹಟ ಹಿಡಿದು ಉಳಿಸಿಕೊಂಡ ಮಾತು ಎದುರಿಗಿರುವವರಿಗೆ ತಿಳಿಯುತ್ತದೆಯೋ ಇಲ್ಲವೋ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

“ತಪ್ಪು ನಿಮ್ದಲ್ಲ ಸಿಸ್ಟರ್,” ಎಂದೆ. ಆ ಮೂರು ಶಬ್ದ ಹೊರಡಿಸಲು ನನಗೆ ಇಡೀ ಎಂ.ಬಿ.ಬಿ.ಎಸ್. ಓದಿದಷ್ಟು ಕಷ್ಟವಾಯಿತು. ಅಂದೇ ಕೇಸ್ ಪೇಪರಿನಲ್ಲಿ ನಡೆದದ್ದನ್ನೆಲ್ಲ ಬರೆದು, ‘ಆದೇಶ ಅಪೂರ್ಣ, ಹೊಣೆ ನನ್ನದು’ ಎಂದು ಸಹಿ ಹಾಕಿದೆ.

ಮುಂದಿನ ಡೋಸು ರಾತ್ರಿ ಎಂಟಕ್ಕೆ. ಕೊಡುವುದೋ ಬಿಡುವುದೋ? ಬಿಟ್ಟರೆ ಹುಣ್ಣು ಮತ್ತೆ ಬಾಯಿ ತೆರೆಯಬಹುದು. ಇ.ಸಿ.ಜಿ. ತೆಗೆದೆ, ದೋಷವಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ನನ್ನ ಗುರುಗಳಿಗೆ ಟ್ರಂಕ್ ಕಾಲ್ ಹಚ್ಚಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೊದಲ್ನೇ ಡೋಸಿಗೆ ಏನರ ಆಗಿತ್ತೇನು?” ಇಲ್ಲ ಎಂದೆ. “ಹಂಗಾದ್ರ ಔಷಧ ಬಿಡಬ್ಯಾಡ, ಅವಸರ ಬಿಡು. ನಾಡಿ ಹಿಡಕೊಂಡು ಕೂಡು,” ಎಂದು ಫೋನು ಇಟ್ಟರು.

ಲೂಸಿಬಾಯಿ ಒಪ್ಪಲಿಲ್ಲ. ಗಂಡನ ಕೈಗೆ ಅಡ್ಡ ನಿಂತಳು. “ಆ ಸೂಜಿ ಬ್ಯಾಡ್ರೀ ಬಾಯಾರ. ಬೇಕಾದ್ರ ನನಗ ಮಾಡ್ರಿ.”

ಸುಳ್ಳು ಹೇಳಬಹುದಿತ್ತು, ಇದು ಬೇರೆ ಸೂಜಿ ಎಂದು. ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನನ್ನ ಮಾತು, ಸಿಸ್ಟರ್ ತಿಳಿದುಕೊಂಡ ಅರ್ಥ, ಐದು ನಿಮಿಷದ ಕೆಲಸ ಐದು ಸೆಕೆಂಡಿನಲ್ಲಿ ಮುಗಿದದ್ದು. ಆಕೆ ಸಿಸ್ಟರ್ ಕಡೆ ತಿರುಗಿ, “ಅಯ್ಯ ಅಕ್ಕಾರ, ಹಗೂರ ಅಂದ್ರ ಸಾವಕಾಶರೀ! ನಿಮ್ಮೂರಾಗ ಅಷ್ಟೂ ಕಲಸಿಲ್ಲೇನು?” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಡಾಕ್ಟರ್ ಮಂದಿ ‘ನಂದ ತಪ್ಪು’ ಅನ್ನೂದ ಇವತ್ತ ಕೇಳಾಕತ್ತೇನಿ. ಆತು, ಮಾಡ್ರಿ. ಆದ್ರ ಗಡಿಯಾರ ನಾ ನೋಡತೇನಿ.”

ಕೊಡುವವರು ಸಿಸ್ಟರ್ ಸರೋಜರೇ ಆಗಬೇಕೆಂದು ನಾನು ಹೇಳಿದೆ. ಅಂದು ಅವರ ಕೈಯಿಂದ ಸಿರಿಂಜು ಕಸಿದುಕೊಂಡಿದ್ದರೆ ಆ ಕೈ ಮುಂದೆಂದೂ ಧೈರ್ಯವಾಗಿ ಸಿರಿಂಜು ಹಿಡಿಯುತ್ತಿರಲಿಲ್ಲ. ಇಪ್ಪತ್ತು ಎಂ.ಎಲ್. ಸಿರಿಂಜಿನಲ್ಲಿ ಔಷಧ, ಸಲೈನ್ ಬೆರೆಸಿಕೊಂಡರು. ನಾನು ನಾಡಿ ಹಿಡಿದೆ. ಲೂಸಿಬಾಯಿ ಗೋಡೆಯ ಗಡಿಯಾರದ ಕೆಳಗೆ ನಿಂತಳು. ಓದು ಬರದಿದ್ದರೂ ಸೆಕೆಂಡಿನ ಮುಳ್ಳು ಸುತ್ತು ಹಾಕುವುದು ಕಾಣುತ್ತದಲ್ಲ. ಒಂದೊಂದು ಸುತ್ತಿಗೂ ಕೂಗಿದಳು. “ಒಂದಾತು!” ಸಿರಿಂಜು ನಾಲ್ಕು ಎಂ.ಎಲ್. ಇಳಿದಿತ್ತು. ನಾಡಿ 88. “ಎರಡಾತು!” 86. “ಮೂರಾತು!”

ಇನಾಸ ಬೇಸತ್ತು, “ಇಷ್ಟೊತ್ತಿನಾಗ ನಾ ಒಂದ ಮರಾ ಉರಳಸ್ತಿದ್ದೆ,” ಎಂದ.

“ಬಾಯಿ ಮುಚ್ಚು. ನಾಕಾತು!”

ಐದನೇ ಸುತ್ತು ಮುಗಿದಾಗ ನಾಡಿ 86ರಲ್ಲೇ ಇತ್ತು. ಸಿಸ್ಟರ್ ಸರೋಜ ಸಿರಿಂಜು ಬಿಡಿಸಿಕೊಂಡು, ಮೊದಲ ಸಲ ಉಸಿರು ಬಿಟ್ಟರು. ನಾನೂ ಬಿಟ್ಟೆ.

ಮೂರು ದಿನ ಇಂಜೆಕ್ಷನ್, ಆಮೇಲೆ ಅದೇ ಔಷಧದ ಮಾತ್ರೆ. ಎಂಟನೇ ದಿನ ಇನಾಸ ತಾನೇ ನಡೆದು ಹೋಗಿ ಬಸ್ಸು ಹತ್ತಿದ. ಅಂಗಡಿಯ ನೋವಿನ ಗುಳಿಗೆ ಮುಟ್ಟಬಾರದೆಂದು ನಾನು ಹೇಳಬೇಕಾಗಿರಲಿಲ್ಲ. ಲೂಸಿಬಾಯಿ ನನಗಿಂತ ಗಟ್ಟಿಯಾಗಿ ಹೇಳುತ್ತಲೇ ಇದ್ದಳು.

ಆ ಮಂಗಳವಾರದಿಂದ ನಮ್ಮ ಆಸ್ಪತ್ರೆಯಲ್ಲಿ ಚೀಟಿಗಳು ಜೇಬಿನಲ್ಲಿ ಉಳಿಯಲಿಲ್ಲ, ಇಂಜೆಕ್ಷನ್ ಟ್ರೇಯ ಮೇಲಿನ ಗೋಡೆಗೆ ಅಂಟಿದವು. ಬಾಯಿಮಾತಿನ ಆದೇಶ ಕೊಟ್ಟರೆ ದಾದಿ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ವೈದ್ಯರು ಕೇಳಿಸಿಕೊಂಡು ಹೂಂ ಎನ್ನಬೇಕು. ಈ ಪದ್ಧತಿ ಸೂಚಿಸಿದವರು ಸಿಸ್ಟರ್ ಸರೋಜ. ನಂತರದ ವರ್ಷಗಳಲ್ಲಿ ಜೋಯಿಡಾ, ಮುಂಡಗೋಡ ಎಂದು ಎಲ್ಲಿ ಕೆಲಸ ಮಾಡಿದರೂ ಆ ಪದ್ಧತಿಯನ್ನು ನಾನು ಹೊತ್ತುಕೊಂಡು ಹೋದೆ. ಈಗ ಹೊಟ್ಟೆಯ ಆಸಿಡ್ಡಿಗೆ ಬೇರೆ ಔಷಧಗಳು ಬಂದಿವೆ. ಅವುಗಳಿಗೂ ಬೆರೆಸುವ ಅಳತೆ ಇದೆ, ಕೊಡುವ ಸಮಯ ಇದೆ.

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಔಷಧ ಗೊತ್ತಿದ್ದರೆ ಸಾಲದು, ಅದನ್ನು ಕೊಡುವ ಕೈಗೆ ನಮ್ಮ ಮಾತು ಹೇಗೆ ಮುಟ್ಟಿತು ಎಂಬುದೂ ಗೊತ್ತಿರಬೇಕು. ನಿಧಾನ, ಸ್ವಲ್ಪ, ಜೋರು ಎಂಬ ಶಬ್ದಗಳಿಗೆ ಊರೂರಿಗೆ ಒಂದೊಂದು ಅರ್ಥ. ಅಂಕಿಗೆ ಎಲ್ಲ ಕಡೆ ಒಂದೇ ಅರ್ಥ. ನನ್ನ ಮಾತನ್ನು ನಾನು ಬಿಡಲಿಲ್ಲ, ಬಿಡುವ ಅಗತ್ಯವೂ ಬರಲಿಲ್ಲ. ಅದರ ಮುಂದೆ ಒಂದು ಅಂಕಿ ಸೇರಿಸಿದೆ, ಅಷ್ಟೇ: “ಹಗೂರ ಕೊಡ್ರಿ ಸಿಸ್ಟರ್, ಐದು ನಿಮಿಷ.”