ಬಾಯಿ ಮುಚ್ಚದ ತೋಟಾ

ಶಾವಿಗೆ ಒರಳಿನ ಹಿಡಿ ಒತ್ತುವಾಗ ಬರುವ ಆ ಕಿರ್ರೆಂಬ ಸದ್ದು ಕೇಳಿದರೆ ಸಾಕು, ನಾನು ಗಲ್ಫ್ ದೇಶದ ಖೈತಾನ್ ಎಂಬ ಊರಿನ ಒಂದು ಶುಕ್ರವಾರದಲ್ಲಿರುತ್ತೇನೆ. ಅಮ್ಮ ಅಲ್ಲಿ ನರ್ಸ್. ವಾರಕ್ಕೆ ಒಂದೇ ರಜೆ, ಅದನ್ನೂ ಅವಳು ನಮ್ಮ ಬೀದಿಯ ಕೊನೆಯ ಹಳೇ ವಿಲ್ಲಾದ ಮುದುಕರೊಬ್ಬರಿಗೆ ಕೊಟ್ಟುಬಿಟ್ಟಿದ್ದಳು. ಆ ಮನೆಯವರೆಲ್ಲ ಅವರನ್ನು ಬಾಬಾ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿದ್ದಾಗ ಅಮ್ಮನೇ ಅವರನ್ನು ನೋಡಿಕೊಂಡಿದ್ದಳು. ಬಲಗೈ ಮತ್ತೆ ಏಳಲಿಲ್ಲ. ಕೋವಿ ಹಿಡಿದು ಗುರಿ ಹೊಡೆಯುವ ಆಟ ಅಲ್ಲಿಗೇ ಮುಗಿಯಿತು. ಹೊಡೆದು ಖಾಲಿಯಾದ ತೋಟಾಗಳಿಗೆ ಮದ್ದು, ಚರೆ ಮತ್ತೆ ತುಂಬುವ ಹುಚ್ಚು ಮಾತ್ರ ಬಿಡಲಿಲ್ಲ.

ಅಮ್ಮ ಕೊಡಗಿನವಳು, ತನ್ನಪ್ಪ ತೋಟಾ ತುಂಬುವಾಗ ಪಕ್ಕದಲ್ಲಿ ಕೂತು ಬೆಳೆದವಳು. ಬಾಬಾ ಅವರ ಹಿಂದಿನ ಕೋಣೆಯಲ್ಲಿದ್ದ ತೋಟಾ ತುಂಬುವ ಯಂತ್ರವನ್ನು ಮೊದಲ ಸಲ ನೋಡಿ, "ಅಯ್ಯೋ, ಇದು ನಮ್ಮ ಶಾವಿಗೆ ಒರಳೇ ಅಲ್ವಾ!" ಎಂದು ನಕ್ಕಿದ್ದಳು. ಬಾಬಾ ಎಡಗೈಯಿಂದ ಕೆಂಪು ತೋಟಾ ಇಡುವುದು, ಅಮ್ಮ ಹಿಡಿ ಒತ್ತುವುದು. ಕೊನೆಯ ಒತ್ತಿಗೆ ತೋಟಾದ ಬಾಯಿ ಮೋದಕದ ಹಾಗೆ ಮಡಚಿಕೊಳ್ಳುತ್ತಿತ್ತು, ಇಬ್ಬರೂ ಮಕ್ಕಳಂತೆ ಹಿಗ್ಗುತ್ತಿದ್ದರು. ಸುಟ್ಟ ಮದ್ದಿನ ವಾಸನೆಯ ಜೊತೆ ಏಲಕ್ಕಿ ಕಾಫಿಯ ಪರಿಮಳ. ವಾರವಿಡೀ ದಣಿದು ಸಿಡುಕುತ್ತಿದ್ದ ಅಮ್ಮ ಅಲ್ಲಿ ಬೇರೆಯೇ ಹೆಂಗಸು. ಹೊರಡುವ ಹೊತ್ತಿಗೆ ಬಾಬಾ ಒಂದು ಖಾಲಿ ತೋಟಾವನ್ನು ಯಂತ್ರದಲ್ಲೇ ಉಳಿಸುತ್ತಿದ್ದರು. "ಖಲಾಸ್ ನಹೀ ಕರ್ನಾ, ಸಿಸ್ಟರ್. ಏಕ್ ಬಾಕಿ." ಪೂರ್ತಿ ಮುಗಿಸದೆ ಒಂದು ಬಾಕಿ ಇಟ್ಟರೆ ಅಮ್ಮ ಮುಂದಿನ ಶುಕ್ರವಾರ ಬರಲೇಬೇಕಲ್ಲ!

ನನಗೋ ಹೊಟ್ಟೆಯುರಿ. ಗೆಳತಿಯರೆಲ್ಲ ಅಮ್ಮಂದಿರ ಜೊತೆ ಸಮುದ್ರದ ದಂಡೆಯಲ್ಲಿ, ನಾನು ಸ್ಟೂಲಿನ ಮೇಲೆ ಖರ್ಜೂರ ಚೀಪುತ್ತ. "ಮಮ್ಮೀ, ಲೆಟ್ಸ್ ಗೋ" ಎಂದು ಗೋಳಾಡಿದರೂ ಅವಳು ಏಳುತ್ತಿರಲಿಲ್ಲ. ಒಂದು ದಿನ ಅವರಿಬ್ಬರೂ ಬಾಗಿಲು ದಾಟಿದ ಮೇಲೆ ನಾನು ಹಿಂದೆ ಉಳಿದು ಆ ಹಿಡಿಗೆ ಜೋತುಬಿದ್ದೆ. ಉಳಿಸಿದ್ದ ತೋಟಾದ ಬಾಯಿ ಸೊಟ್ಟಸೊಟ್ಟಗೆ ಮುಚ್ಚಿಕೊಂಡಿತು. ಇನ್ನು ಬಾಕಿ ಇಲ್ಲ, ಅಮ್ಮ ನನ್ನವಳು ಅಂದುಕೊಂಡು ಓಡಿದೆ.

ಬುಧವಾರ ಬಾಬಾ ತೀರಿಕೊಂಡರು. ಬಾಕಿಯನ್ನು ನಾನೇ ಮುಗಿಸಿಬಿಟ್ಟೆನಲ್ಲ, ಅದಕ್ಕೇ ಹೋದರು ಅಂದುಕೊಂಡೆ. ಶುಕ್ರವಾರ ಅಮ್ಮನ ದುಪಟ್ಟಾ ಹಿಡಿದುಕೊಂಡೇ ಆ ಕೋಣೆಗೆ ಹೋದೆ. ನನ್ನ ಸೊಟ್ಟ ತೋಟಾ ಮೇಜಿನ ಒಂದು ಮೂಲೆಯಲ್ಲಿತ್ತು. ಯಂತ್ರದಲ್ಲಿ ಬಾಯಿ ತೆರೆದ ಇನ್ನೊಂದು ತೋಟಾ ಕೂತಿತ್ತು. ಒಂಟಿ ಎಡಗೈಯಲ್ಲಿ ಅದನ್ನು ಬಿಡಿಸಿ ಇದನ್ನು ಕೂರಿಸಲು ಬಾಬಾ ಎಷ್ಟು ಪಾಡುಪಟ್ಟರೋ. ಅಮ್ಮ ಹಿಡಿಯ ಮೇಲೆ ಕೈಯಿಟ್ಟಳು, ಒತ್ತಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ಹೇಳಿಬಿಡಬೇಕೆಂದುಕೊಂಡವಳು ಅವಳ ದುಪಟ್ಟಾದಲ್ಲಿ ಮುಖ ಹುದುಗಿಸಿದೆ.

ನಿಮಗೂ ಇಂಥದೊಂದು ಕೋಣೆ ಇದ್ದೀತು, ಈಗ ಬಾಗಿಲೂ ಸಿಗದ ಕೋಣೆ. ಆ ವಿಲ್ಲಾ ಕೆಡವಿದರಂತೆ. ಹೋದ ವರ್ಷ ಅಮ್ಮನೂ ಹೋದಳು, ಅವಳ ಒರಳು ನನ್ನ ಅಡುಗೆಮನೆಗೆ ಬಂತು. ಹಿಡಿಯ ಮೇಲೆ ಕೈಯಿಟ್ಟಾಗಲೆಲ್ಲ, "ಅಮ್ಮಾ, ಅವತ್ತು ಮುಚ್ಚಿದ್ದು ನಾನೇ" ಅನ್ನುತ್ತೇನೆ. ಕೇಳಿಸಿಕೊಳ್ಳಬೇಕಾದ ಇಬ್ಬರೂ ಇಲ್ಲ.