ಕಂಬಳಿಯೊಳಗಿನ ನೀಲಗಿರಿ ಹಬೆ

ನಮ್ಮ ಮನೆಯವರು ಹೋಗಿ ವರ್ಷವಾಗುತ್ತ ಬಂತು. ಮಾತಾಡಿಸಲು ಬಂದವರು ಅವರ ದೊಡ್ಡ ಗುಣಗಳನ್ನೇ ಹೇಳುತ್ತಾರೆ. ಯಾರೊಂದಿಗೂ ಜಗಳವಾಡಲಿಲ್ಲ, ಯಾರ ಮನಸ್ಸನ್ನೂ ನೋಯಿಸಲಿಲ್ಲ ಎನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಒಬ್ಬಳೇ ಕೂತಾಗ ನನ್ನ ಕಣ್ಣ ಮುಂದೆ ಬರುವುದು ಬೇರೆಯೇ: ಒಂದೇ ಕಂಬಳಿಯೊಳಗೆ ತಲೆ ತೂರಿಸಿ ನಿಂತ ನಮ್ಮ ಎಮ್ಮೆ ಮತ್ತು ನನ್ನ ಗಂಡ. ಅಳುತ್ತಿದ್ದವಳಿಗೆ ನಗು ಬಂದುಬಿಡುತ್ತದೆ.

ನಾನು ಮದುವೆಯಾಗಿ ಮಸ್ಕಿ ಹತ್ತಿರದ ಈ ಹಳ್ಳಿಗೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಮನೆಯಲ್ಲಿ ಅತ್ತೆ, ಇವರು, ನಾನು. ಅತ್ತೆ ಮಾತ್ರ ಎಮ್ಮೆಯನ್ನೂ ಸೇರಿಸಿ ನಾಲ್ವರು ಎಂದೇ ಹೇಳುತ್ತಿದ್ದರು. ಕರುವಾಗಿದ್ದಾಗಿನಿಂದ ಅದನ್ನು ಸಾಕಿದವರು ಅತ್ತೆಯೇ.

ಒಂದು ಚಳಿಗಾಲದಲ್ಲಿ ಆ ಎಮ್ಮೆ ಕಾಲುವೆ ಕೆಳಗಿನ ಹೊಲಕ್ಕೆ ನುಗ್ಗಿ, ಹಸಿ ಮೇವು ಮಿತಿಮೀರಿ ತಿಂದು, ಹೊಟ್ಟೆ ಉಬ್ಬಿಸಿಕೊಂಡು ಬಂತು. ಹೊಟ್ಟೆ ಉಬ್ಬಿದ ದನಕ್ಕೆ ನಮ್ಮಲ್ಲಿ ಎಣ್ಣೆ ಕುಡಿಸುವ ರೂಢಿ. ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ, ದನದ ಮೂತಿಯನ್ನು ಆಕಾಶಕ್ಕೆ ಎತ್ತಿ, ಒಬ್ಬರು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿಯಬೇಕು, ಇನ್ನೊಬ್ಬರು ಗಂಟಲಿಗೆ ಸುರಿಯಬೇಕು. ಇವರು ಹಿಡಿದರು, ಅತ್ತೆ ಸುರಿದರು. ಎಮ್ಮೆ ಕೆಮ್ಮಿ ಇಬ್ಬರ ಮೈಗೂ ಎಣ್ಣೆ ಸಿಡಿಸಿತು.

ಹೊಟ್ಟೆಯೇನೋ ಇಳಿಯಿತು. ಆದರೆ ಕೆಮ್ಮು ನಿಲ್ಲಲಿಲ್ಲ. ಮರುದಿನ ಮೈ ಸುಡುತ್ತಿತ್ತು, ಮೂಗು ಸೋರುತ್ತಿತ್ತು, ಪಕ್ಕೆಗಳು ತಿದಿ ಒತ್ತಿದಂತೆ ಏರಿಳಿಯುತ್ತಿದ್ದವು. ಮಸ್ಕಿಯಿಂದ ದನದ ಡಾಕ್ಟರು ಮೊಪೆಡ್ಡಿನ ಮೇಲೆ ಬಂದರು. ಪಕ್ಕೆಗೆ ಕಿವಿಗೊಟ್ಟು ಕೇಳಿ, ಎದ್ದು ನಿಂತರು.

"ಎಣ್ಣಿ ಕುಡಿಸೀರೇನು?"

"ಹೌದ್ರಿ ಸಾಹೇಬ್ರ," ಎಂದರು ಇವರು.

"ನಾಲಿಗಿ ಹಿಡಿದಾಂವ ಯಾಂವ?"

"ನಾನೇ ರೀ." ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

"ಹಂಗಾದ್ರ ಇಲ್ಲಿ ಬಾ. ನಿನ್ನ ನಾಲಿಗಿ ನಾ ಜಗ್ಗಿ ಹಿಡೀತೀನಿ, ನೀ ಒಂದು ಕಪ್ ಚಾ ಕುಡಿದು ತೋರಸು."

ಇವರು ತಟ್ಟನೆ ಬಾಯಿ ಮುಚ್ಚಿಕೊಂಡರು. ನಾಲಿಗೆ ಹಿಡಿದರೆ ದನ ನುಂಗಲಾರದು, ಎಣ್ಣೆ ಹೊಟ್ಟೆಗೆ ಹೋಗುವ ಬದಲು ಉಸಿರಿನ ಕೊಳವೆಗೆ ಇಳಿದು ನಿಮೋನಿಯಾ ಆಗುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು.

"ಉಳೀತದೇನ್ರಿ?" ಅತ್ತೆ ಕೇಳಿದರು.

"ಪೆನಿಸಿಲಿನ್ ಹಾಕ್ತೀನಿ, ಯವ್ವಾ. ಮೇವಿಗೆ ಬಾಯಿ ಹಚ್ಚಿದ್ರ ಉಳಿದಂಗ. ಹಚ್ಚಲಿಲ್ಲಂದ್ರ ನಾ ಏನೂ ಹೇಳಂಗಿಲ್ಲ."

"ಹಂಗಾದ್ರ ಆಕಿ ಮೇವು ಮುಟ್ಟೋತನಕ ನಾ ರೊಟ್ಟಿ ಮುಟ್ಟಂಗಿಲ್ಲ," ಎಂದುಬಿಟ್ಟರು ಅತ್ತೆ.

ಮನೆಯಲ್ಲಿ ಒಬ್ಬರಿಗಿಬ್ಬರು ರೋಗಿಗಳಾದರು. ಪುಡಿಯ ಸೀಸೆಗೆ ನೀರು ಬೆರೆಸಿ ಕುಲುಕಿ ಹಾಕುವ ಆ ಸೂಜಿಮದ್ದು ಸಿಂಧನೂರಿನಲ್ಲಿ ಸಿಕ್ಕಿತು. ಕೆಮ್ಮಿನ ಪುಡಿ ಮಾತ್ರ ಅಲ್ಲಿರಲಿಲ್ಲ, ಅದಕ್ಕಾಗಿ ಇವರು ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದರು. ನವಸಾಗರ, ಜ್ಯೇಷ್ಠಮಧು, ಕರ್ಪೂರದ ವಾಸನೆಯ ಪುಡಿ ಅದು. ಇನ್ನು ಗೊಟ್ಟ ಮುಟ್ಟಕೂಡದು, ಪುಡಿಯನ್ನು ಬೆಲ್ಲದಲ್ಲಿ ಕಲಸಿ ಎಮ್ಮೆಯ ನಾಲಿಗೆಗೆ ಸವರಬೇಕು ಎಂದು ಡಾಕ್ಟರು ಹೇಳಿದ್ದರು. ಇವರು ಸವರುತ್ತಿದ್ದರು, ಎಮ್ಮೆ ಅರ್ಧ ಉಗುಳುತ್ತಿತ್ತು. ಉಗುಳಿದ್ದು ಇವರ ಮೀಸೆಗೆ ಅಂಟುತ್ತಿತ್ತು.

ಎಲ್ಲಕ್ಕಿಂತ ಕಷ್ಟದ ಕೆಲಸ ಹಬೆ ಕೊಡುವುದು. ಬಿಸಿ ನೀರಿನ ಬಕೆಟ್ಟಿಗೆ ನೀಲಗಿರಿ ಎಣ್ಣೆಯ ಹನಿ ಬಿಟ್ಟು, ಎಮ್ಮೆಯ ತಲೆಯ ಮೇಲೆ ಕಂಬಳಿ ಹೊದಿಸಬೇಕು. ಕಂಬಳಿ ಬಿದ್ದೊಡನೆ ಅದು ಹೆದರಿ ತಲೆ ಕೊಡವಿ ಬಕೆಟ್ಟನ್ನೇ ಉರುಳಿಸಿತು. ಮತ್ತೆ ನೀರು ಕಾಯಿಸಿದೆವು. ಈ ಸಲ ಇವರು ಕಂಬಳಿಯನ್ನು ತಮ್ಮ ತಲೆಯ ಮೇಲೂ ಎಳೆದುಕೊಂಡು ಒಳಗೆ ಹೋದರು. ಒಳಗಿನಿಂದ ಮಾತು ಕೇಳಿಸಿತು.

"ನೋಡಿಲ್ಲಿ, ನಾನೂ ತಗೊಳ್ಳಾಕತ್ತೀನಿ. ಉಸುರು ಎಳಿ. ಹಂಗಲ್ಲಬೇ, ನನ್ನಂಗ ಎಳಿ."

ಎಮ್ಮೆ ಸುಮ್ಮನೆ ನಿಂತಿತು! ಪಕ್ಕದ ಮನೆಯ ಹಿರಿಯರು ಗೋಡೆಯಾಚೆಯಿಂದ ಇಣುಕಿದರು. "ಏನಲೇ, ಹೆಂಡ್ತಿ ಹೊರಗ ನಿಂತಾಳ, ನೀ ಒಳಗ ಯಾರ ಕೂಡ ಮಾತಾಡಾಕತ್ತಿ?"

"ಆಡ್ಲಿ ಬಿಡ್ರಿ ಮಾವಾ," ಎಂದೆ ನಾನು. "ನನ್ನ ಕೂಡ ಇಷ್ಟು ಮಾತು ಯಾವತ್ತು ಆಡ್ಯಾರ!"

ಹೊರಗೆ ಎಲ್ಲರೂ ನಕ್ಕರು. ಮನೆಯೊಳಗೆ ಕೂತಿದ್ದ ಅತ್ತೆ ನಗಲಿಲ್ಲ. ಮಜ್ಜಿಗೆ ಬಿಟ್ಟರೆ ಬೇರೇನೂ ಅವರ ಬಾಯಿಗೆ ಹೋಗುತ್ತಿರಲಿಲ್ಲ. ಇವರು ಹೋಗಿ ಎದುರು ಕೂತರು.

"ಯವ್ವಾ, ಆಕಿಗೆ ಸೂಜಿ ಹಾಕ್ಯಾರ. ನಿನಗೇನು ಹಾಕಸ್ಲಿ?"

"ನಾ ಸುರದದ್ದಪ್ಪ ಅದು. ನನ್ನ ಕೈಲೆ ಸುರದದ್ದು."

"ನಾಲಿಗಿ ಹಿಡಿದಾಂವ ನಾ. ನಾ ಎರಡೂ ಹೊತ್ತು ಉಣ್ಣಾಕತ್ತೀನಲ್ಲ?"

"ನಿನಗ ನಾಚಿಕಿ ಇಲ್ಲ," ಎಂದರು ಅತ್ತೆ. ಆದರೂ ತಟ್ಟೆ ಮುಟ್ಟಲಿಲ್ಲ.

ದಿನಗಳು ಹಾಗೇ ಕಳೆದವು. ಸೂಜಿಯಿಂದ ಜ್ವರ ಇಳಿಯಿತು, ಉಸಿರು ಹಗುರವಾಯಿತು. ಮುಂದಿಟ್ಟ ಮೇವನ್ನು ಮಾತ್ರ ಎಮ್ಮೆ ಮೂಸಿ ಬಿಡುತ್ತಿತ್ತು. ಅತ್ತೆಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರತೊಡಗಿತು. ನನಗೆ ಎಮ್ಮೆಗಿಂತ ಅವರದೇ ಚಿಂತೆಯಾಗಿತ್ತು.

ಒಂದು ಸಂಜೆ ಇವರು ಬೆಲ್ಲದ ಔಷಧಿ ಸವರಿ, ಕೈಯನ್ನು ಹೆಗಲ ಮೇಲಿನ ವಲ್ಲಿ ಬಟ್ಟೆಗೇ ಒರೆಸಿಕೊಂಡು ಕಂಬಳಿಯೊಳಗೆ ಹೋದರು. ಆಮೇಲೆ ಒಮ್ಮೆಲೇ ಕೂಗು: "ಏ ಬಿಡು! ಬಿಡಬೇ!"

ಕಂಬಳಿ ಜಾರಿ ಬಿತ್ತು. ವಲ್ಲಿಯ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಎಮ್ಮೆಯ ಬಾಯಲ್ಲಿ. ಅದು ಕಣ್ಣು ಅರೆಮುಚ್ಚಿ ಬೆಲ್ಲ ಚೀಪುತ್ತಿತ್ತು. ಗದ್ದಲ ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ಏನಾತು?"

"ಯವ್ವಾ, ನನ್ನ ವಲ್ಲಿ ತಿನ್ನಾಕತ್ತಾಳ!"

ಅತ್ತೆ ಒಂದು ಹಿಡಿ ಹಸಿ ಹುಲ್ಲು ತಂದು ಎಮ್ಮೆಯ ಮೂತಿಗೆ ಹಿಡಿದರು. ಅದು ವಲ್ಲಿಯನ್ನೂ ಹುಲ್ಲನ್ನೂ ನೋಡಿತು. ವಲ್ಲಿ ಬಿಟ್ಟಿತು. ಹುಲ್ಲು ಎಳೆದುಕೊಂಡು ಮೆಲ್ಲಗೆ ಅಗಿಯಿತು. ಅದು ನುಂಗುವ ತನಕ ಅತ್ತೆ ಅದರ ಗಂಟಲನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ರೊಟ್ಟಿ ಐತೇನು?"

"ಐತ್ರಿ ಅತ್ತಿ. ಬಿಸಿ ಮಾಡಿ ತರ್ಲಿ?"

"ಬ್ಯಾಡ, ಹಂಗೇ ಕೊಡು."

ಕೊಟ್ಟಿಗೆಯಲ್ಲೇ ಕೂತು ಅತ್ತೆ ಒಂದು ತುತ್ತು ತಿನ್ನುವರು, ಎಮ್ಮೆಗೆ ಒಂದು ಹಿಡಿ ಹುಲ್ಲು ಕೊಡುವರು. ಮೀಸೆಯಿಂದ ಹಬೆಯ ನೀರು ತೊಟ್ಟಿಕ್ಕಿಸುತ್ತ ಇವರು ಕೈ ಚಾಚಿದರು.

"ಯವ್ವಾ, ನನಗೂ ಒಂದು ತುತ್ತು."

"ನಿನಗ ಅರ್ಧ ವಲ್ಲಿ ಉಳದೈತಲ್ಲ," ಎಂದರು ಅತ್ತೆ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಅದನ್ನ ತಿನ್ನು."