ಕೀ ಮರೆತ ಕಾರು

ಅಕ್ಕನ ಎಡಗೈ ಹೆಬ್ಬೆರಳಿನ ಉಗುರು ಬೆರಳಿಗಿಂತ ಕಾಲು ಇಂಚು ಮುಂದಕ್ಕೆ ಬೆಳೆದಿತ್ತು. ದಪ್ಪ, ಹಳದಿ, ತುದಿ ಮಾತ್ರ ಚೂಪು. ಅಂದಕ್ಕೆ ಬೆಳೆಸಿದ ಉಗುರಲ್ಲ, ವಾಚಿನ ಹಿಂದಿನ ಮುಚ್ಚಳ ಎಬ್ಬಿಸುವ ಆಯುಧ. ಸಂದಿಗೆ ತೂರಿಸಿ ಮಣಿಕಟ್ಟು ತಿರುಗಿಸಿದರೆ ಮುಚ್ಚಳ ಟಿಕ್ ಎಂದು ಎದ್ದು ಬರುತ್ತಿತ್ತು. ಸ್ಕ್ರೂಡ್ರೈವರ್ ಇಲ್ವಾ ಅಕ್ಕ ಎಂದು ಕೇಳಿದವರಿಗೆ, "ಅದೆ. ಅದು ಗೀರ್ತದೆ, ಇದು ಗೀರಾಕಿಲ್ಲ" ಎನ್ನುತ್ತಿದ್ದರು.

ಕೊಳ್ಳೇಗಾಲದ ಖಾಸಗಿ ಬಸ್ಸುಗಳು ನಿಲ್ಲುವ ಕಡೆ ಅವರ ವಾಚ್ ರಿಪೇರಿ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಯ ಮಾತು, ಅದೊಂದು ಗೂಡು. ಗಂಡನ ತಿಥಿ ಮುಗಿದ ಮಾರನೆಯ ದಿನವೇ ಮೈದುನ ಬೀಗ ಹಿಡಿದು ಬಂದನಂತೆ. ಗಂಡ ಸತ್ತ ಹೆಂಗಸಿಗೆ ಬಸ್ ಸ್ಟ್ಯಾಂಡಿನಲ್ಲಿ ಏನು ಕೆಲಸ ಎಂಬುದು ಅವನ ವಾದ. ಅಕ್ಕ ಒಳಗೆ ಹೋಗಿ ಗಂಡನ ಸ್ಟೂಲಿನ ಮೇಲೆ ಕೂತು, "ಬೀಗ ಆಕ್ಕೊ. ನಾನ್ ಒಳ್ಗೇ ಇರ್ತೀನಿ" ಅಂದರಂತೆ. ಅವನು ಸಂಜೆಯವರೆಗೂ ನಿಂತು, ಬೀಗವನ್ನು ಜೇಬಿಗಿಳಿಸಿ ಹೊರಟುಹೋದ. ಗಂಡನ ಪಕ್ಕದಲ್ಲಿ ಕೂತು ಹತ್ತು ವರ್ಷ ನೋಡಿದ್ದ ಕೆಲಸವನ್ನು ಅಕ್ಕ ಅವತ್ತಿನಿಂದ ತಾವೇ ಮಾಡತೊಡಗಿದರು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಲೊಕ್ಕನಹಳ್ಳಿ ಕಡೆಯ ಬಸ್ಸಿನ ಡ್ರೈವರ್. ಅದೇ ದಾರಿಗೆ ಇನ್ನೊಂದು ಬಸ್ಸೂ ಇತ್ತು. ಯಾರು ಯಾವ ನಿಮಿಷಕ್ಕೆ ಹೊರಡಬೇಕೆಂದು ದಿನಾ ಜಗಳ, ಕೊನೆಗೆ ಎಲ್ಲರೂ ಒಪ್ಪುತ್ತಿದ್ದದ್ದು ಅಕ್ಕನ ಗೋಡೆ ಗಡಿಯಾರವನ್ನು. ಅದರ ಮುಳ್ಳನ್ನು ಮೂರೇ ನಿಮಿಷ ಹಿಂದಕ್ಕೆ ತಿರುಗಿಸಿದರೆ ನಮ್ಮ ಬಸ್ಸು ಇನ್ನಷ್ಟು ಜನ ತುಂಬಿಕೊಂಡು ಹೊರಡಬಹುದು ಎಂದು ನಮ್ಮ ಏಜೆಂಟನ ತಲೆಗೆ ಹೊಳೆಯಿತು. ಕೇಳಲು ಅವನ ಜೊತೆ ನಾನೂ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

"ಜನ ಅತ್ತಾಕಿಲ್ಲ ಅಂದ್ರೆ ಬಸ್ಸ ತೊಳೀರಿ. ಗಡಿಯಾರಕ್ಯಾಕೆ ಕೈ ಆಕ್ತೀರಿ?" ಅಂದರು ಅಕ್ಕ.

ಏಜೆಂಟ್ ಅವತ್ತೇ ಕಲ್ಲು ಬೀಸಿ ಗಡಿಯಾರದ ಗಾಜು ಒಡೆದ. ಮಾರನೆಯ ಬೆಳಿಗ್ಗೆ ನೋಡಿದರೆ, ಗಾಜಿಲ್ಲದ ಅದೇ ಗಡಿಯಾರ ಅಂಗಡಿಯ ಹೊರಗೆ, ಕಲ್ಲಿಗೆ ಇನ್ನೂ ಹತ್ತಿರದಲ್ಲಿ ನೇತಾಡುತ್ತಿತ್ತು. "ಗಾಜೊಡುದ್ರೆ ಮುಳ್ಳು ನಿಂತೋಯ್ತದಾ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ನನಗೆ ನಾಚಿಕೆಯಾಯಿತು. ಅವತ್ತಿನಿಂದ ನನ್ನ ಬೆಳಗಿನ ಟೀ ಆ ಗೂಡಿನ ಮುಂದೆಯೇ ಆಯಿತು.

ಆಮೇಲೆ ಬಸ್ಸಿನ ಮಾಲೀಕರು ಬಸ್ಸು ಮಾರಿದರು. ನಾನು ಯಳಂದೂರಿನ ಒಬ್ಬ ಸಾಹುಕಾರರ ಮನೆಗೆ ಕಾರು ಡ್ರೈವರಾಗಿ ಸೇರಿದೆ. ಎರಡು ಸಾವಿರ ಇಸವಿ ದಾಟಿದ ಮೇಲೆ ಅವರು ಹೊಸ ಕಾರು ತಂದರು. ಮೈಸೂರಿನಲ್ಲಿ ಯಾರ ಕೈಲೋ ಅದಕ್ಕೆ ರಿಮೋಟ್ ಬೀಗ ಕೂಡಿಸಿದ್ದರು. ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಗುಂಡಿ ಒತ್ತದೆ ತೆರೆದರೆ ಸೈರನ್ ಬಡಿದುಕೊಳ್ಳುತ್ತಿತ್ತು, ಎಂಜಿನ್ನೂ ಏಳುತ್ತಿರಲಿಲ್ಲ.

ಆಯುಧಪೂಜೆ ಬಂತು. ಸ್ಪ್ಯಾನರ್ ತೊಳೆದೆ, ಜಾಕ್ ತೊಳೆದೆ. ಕೀಯನ್ನು ಮಾತ್ರ ಬಿಟ್ಟರೆ ದೇವರು ಮೆಚ್ಚುತ್ತಾನೆಯೇ? ರಿಮೋಟಿನ ಸಮೇತ ಅರಿಸಿನದ ನೀರಲ್ಲಿ ಅದ್ದಿ, ತಿಕ್ಕಿ, ಒದ್ದೆಯಿದ್ದಂತೆಯೇ ಕುಂಕುಮ ಮೆತ್ತಿದೆ. ಪೂಜೆ ಸಾಂಗವಾಗಿ ಮುಗಿಯಿತು, ರಿಮೋಟೂ ಮುಗಿಯಿತು. ಮೈಸೂರಿಗೆ ಫೋನ್ ಮಾಡಿದರೆ, ಪೂರಾ ಸೆಟ್ಟೇ ಬದಲಾಯಿಸಬೇಕು, ಕಾರನ್ನು ಎಳೆದು ತನ್ನಿ ಎಂದರು. ಸಾಹುಕಾರರು ನನ್ನ ಮುಖ ನೋಡಿ, "ಸೋಮ್ವಾರದೊಳ್ಗೆ ಕಾರು ಏಳ್ದಿದ್ರೆ ನೀನೂ ಏಳು" ಎಂದರು.

ನಾನು ಬಸ್ಸು ಹತ್ತಿ ಅಕ್ಕನ ಹತ್ತಿರ ಓಡಿದೆ. ಅಂಥದ್ದನ್ನು ಅವರು ಕಂಡೇ ಇರಲಿಲ್ಲ. "ಪೂರಾ ಸೆಟ್" ಎಂಬ ಮಾತು ಕೇಳಿದ್ದೇ ತಡ, ಅವರ ಮೂಗು ಕೆಂಪಾಯಿತು. "ಮುಚ್ಚಿದೋನ್ಗೆ ಎರಡು ಕೈಯಾದ್ರೆ ನಂಗೂ ಎರಡವೆ" ಎಂದು ಉಗುರು ಹಾಕಿ ರಿಮೋಟಿನ ಮುಚ್ಚಳ ಎಬ್ಬಿಸಿದರು. ಒಳಗೆ ಕುಂಕುಮದ ಕೆಸರು. "ಕೀಗೂ ಮದ್ವೆ ಮಾಡ್ಬುಟ್ಟಿದ್ದೀಯಲ್ಲೋ" ಎಂದು ನಕ್ಕು, ವಾಚು ತೊಳೆಯುವ ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ, ನಾಣ್ಯದಂಥ ಹೊಸ ಸೆಲ್ ಹಾಕಿದರು. ಗುಂಡಿ ಒತ್ತಿದಾಗ ಕೆಂಪು ದೀಪ ಹತ್ತಿತು.

ಯಳಂದೂರಿಗೆ ಬಂದು ಒತ್ತಿದೆ. ದೀಪ ಹತ್ತುತ್ತದೆ, ಕಾರು ಮಾತ್ರ ಕದಲುವುದಿಲ್ಲ. ಮತ್ತೆ ಅಕ್ಕನ ಹತ್ತಿರ.

"ಕೀಗೆ ಜೀವ ಅದೆ. ಕಾರು ಅದ್ರ ಗುರ್ತ ಮರ್ತದೆ. ಸೆಟ್ ಜೊತೆ ಏನಾರ ಕಾಗ್ದ ಕೊಟ್ಟವ್ರಾ?"

ಮತ್ತೆ ಯಳಂದೂರಿಗೆ ಓಡಿ, ಸಾಹುಕಾರರ ಡ್ರಾಯರಿನಲ್ಲಿದ್ದ ಇಂಗ್ಲಿಷ್ ಕಾಗದ ತಂದುಕೊಟ್ಟೆ. ಪಕ್ಕದ ಮೆಡಿಕಲ್ ಸ್ಟೋರಿನವರಿಂದ ಅದನ್ನು ಎರಡು ಸಲ ಓದಿಸಿ ಕೇಳಿದರು. ಕಾರಿನೊಳಗೆ ಎಲ್ಲೋ ಒಂದು ಸಣ್ಣ ಸ್ವಿಚ್ಚು ಬಚ್ಚಿಟ್ಟಿರುತ್ತಾರೆ; ಕೀ ತಿರುಗಿಸಿ, ಅದನ್ನು ಮೂರು ಸಲ ಅದುಮಿ, ಆಮೇಲೆ ರಿಮೋಟ್ ಒತ್ತಬೇಕು. ಎಲ್ಲಿ ಬಚ್ಚಿಟ್ಟಿದ್ದಾರೆ ಎನ್ನುವುದು ಕಾಗದದಲ್ಲಿ ಇರಲಿಲ್ಲ. ಅಕ್ಕ ಅಂಗಡಿ ಮುಚ್ಚಿ ನನ್ನ ಜೊತೆ ಬಸ್ಸು ಹತ್ತಿದರು.

ಸಾಹುಕಾರರು ಹಣೆ ತುಂಬ ವಿಭೂತಿ, ಗರಿಗರಿ ಬಿಳಿ ಪಂಚೆಯಲ್ಲಿ ಜಗುಲಿಯ ಮೇಲಿದ್ದರು. "ಏನ್ಲಾ, ಮುಂಡೆ ಕೈಲಿ ಒಸಾ ಕಾರ ಮುಟ್ಟಿಸ್ತೀಯಾ? ಅವ್ಳೂ ಮುಟ್ಟಕೂಡ್ದು, ಕೆಡ್ಸಿದ ನೀನೂ ಮುಟ್ಟಕೂಡ್ದು!"

ನಾನು ತಲೆ ತಗ್ಗಿಸಿದೆ. ಅಕ್ಕ ತಗ್ಗಿಸಲಿಲ್ಲ.

"ಸರಿ ಸಾವ್ಕಾರ್ರೇ. ಅಂಗಾರೆ ನೀವೇ ಮುಟ್ಟಿ. ನಾನು ಇಲ್ಲಿಂದ್ಲೇ ಏಳ್ಕೊಡ್ತೀನಿ."

ಮೈಸೂರಿಗೆ ಎಳೆಸುವ ಖರ್ಚು ನೆನೆದೋ ಏನೋ, ಸಾಹುಕಾರರು ನನ್ನಿಂದ ಕೀ ಇಸಿದುಕೊಂಡು ಬಾಗಿಲು ತೆರೆದರು. ಸೈರನ್ ಊಳಿಟ್ಟಿತು, ಬೀದಿ ಅಷ್ಟೂ ಬಂದು ನಿಂತಿತು. ಅಕ್ಕ ಮಾರು ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ಕೂಗಿ ಹೇಳುತ್ತಿದ್ದರು: "ಬಚ್ಚಿಟ್ಟೋನು ಸೋಂಬೇರಿಯಾದ್ರೆ ಸ್ಟೇರಿಂಗ್ ಕೆಳ್ಗೇ ಇರ್ತದೆ. ಬಗ್ಗುದ್ರೆ ಸಿಕ್ಕಾಕಿಲ್ಲ, ಮಲೀಕಳಿ. ಇನ್ನೂ ಒಳಕ್ಕೆ. ಎಡಕ್ಕೆ, ಸಾವ್ಕಾರ್ರೇ, ನಿಮ್ಮೆಡಕ್ಕೆ!" ಯಾರಿಗೂ ಬಗ್ಗದ ಸಾಹುಕಾರರು ಪೆಡಲುಗಳ ಮೇಲೆ ತಲೆಯಿಟ್ಟು, ಕಾಲು ಬೀದಿಗೆ ಚಾಚಿ, ಅಂಗಾತ ಮಲಗಿದ್ದರು. ಕೈಗೆ ಸ್ವಿಚ್ಚು ಸಿಕ್ಕಿತು. ಕೀ ತಿರುಗಿಸಿ, ಮೂರು ಸಲ ಅದುಮಿ, ರಿಮೋಟ್ ಒತ್ತಿದರು. ಸೈರನ್ ಕುಂಯ್ ಎಂದು ಸುಮ್ಮನಾಯಿತು, ನಾಲ್ಕೂ ದೀಪ ಮಿನುಗಿದವು. ನೆರೆದವರು ನಗು ತಡೆಯಲಾರದೆ ಬಾಯಿಗೆ ಟವೆಲ್ ಹಿಡಿದುಕೊಂಡಿದ್ದರು.

"ಇದ್ದ ಕೀನೇ ಸಾಕು. ಪೂರಾ ಸೆಟ್ ಬ್ಯಾಡ" ಎಂದು ಅಕ್ಕ ಹೊರಟರು. ನನಗೂ ಕೆಚ್ಚು ಬಂತು. ಕಾರಿನಲ್ಲಿದ್ದ ಕೀ ತೆಗೆದು ಜಗುಲಿಯ ಮೇಲಿಟ್ಟು, ನನಗೀ ಕೆಲಸ ಬೇಡ ಎಂದು ಅವರ ಹಿಂದೆ ನಡೆದೆ. ಬಸ್ ನಿಲ್ದಾಣದಲ್ಲಿ ಅವರು ತಿರುಗಿ ನೋಡಿದರು.

"ನೀನ್ಯಾಕ್ ಬಂದೆ?"

"ನಿಮ್ಮನ್ನ ಅಂಗಂದ್ರಲ್ಲ ಅಕ್ಕ."

"ಅಂದಿದ್ದು ನಂಗೆ. ನಾನು ಉತ್ರ ಕೊಟ್ಟು ಬಂದಿವ್ನಿ. ಅಂಗ್ಡಿ ಮುಚ್ಚಿ ಬಂದಿದ್ದು ನಿನ್ ಕೆಲ್ಸ ಉಳ್ಸಾಕೆ ಕಣ್ಲಾ, ನಿನ್ ಪೌರುಷ ನೋಡಾಕಲ್ಲ. ಓಗು, ಕೀ ತಕೋ."

ಹಿಂದಕ್ಕೆ ಹೋಗಿ ತೆಗೆದುಕೊಂಡೆ. ಹೊಟ್ಟೆಯಲ್ಲಿ ಬೆಂಕಿಯಿತ್ತು, ಮನೆಯಲ್ಲಿ ಮೂರು ಮಕ್ಕಳೂ ಇದ್ದರು.

ಎರಡು ಸಾವಿರದ ನಾಲ್ಕರಲ್ಲಿ ಅಕ್ಕನಿಗೆ ಉಸಿರಿನ ತೊಂದರೆ ಜೋರಾಯಿತು. ಮೈಸೂರಿಗೆ ಕರೆದೊಯ್ಯಬೇಕೆಂದು ಮೆಡಿಕಲ್ ಸ್ಟೋರಿನವರು ಫೋನ್ ಮಾಡಿದಾಗ ಸಾಹುಕಾರರು ಊರಲ್ಲಿರಲಿಲ್ಲ. ನಾನು ಯಾರನ್ನೂ ಕೇಳದೆ ಕಾರು ತೆಗೆದೆ. ಕೊಳ್ಳೇಗಾಲದಲ್ಲಿ ಕಾರಿನ ಬಾಗಿಲ ಹತ್ತಿರ ಅಕ್ಕ ಕೈ ಚಾಚಿ, "ಕೊಡಿಲ್ಲಿ" ಎಂದು ರಿಮೋಟ್ ಇಸಿದುಕೊಂಡು ತಾವೇ ಒತ್ತಿದರು. ದೀಪ ಮಿನುಗಿತು. "ಪರ್ವಾಗಿಲ್ಲ, ಗುರ್ತು ಇಟ್ಕಂಡದೆ" ಎಂದು ಏದುಸಿರಿನಲ್ಲೇ ನಕ್ಕರು. ಆಸ್ಪತ್ರೆಯಿಂದ ಅವರು ಜೀವಂತ ವಾಪಸು ಬರಲಿಲ್ಲ.

ಮಣ್ಣು ಮುಗಿಸಿ ಕೆಲಸಕ್ಕೆ ಹೋದ ದಿನ ಸಾಹುಕಾರರು ಕಾದಿದ್ದರು. "ಸಾಯೋ ಮುಂಡೆನ ನನ್ ಕಾರಲ್ಲಿ ಕೂರಿಸ್ಕಂಡು ಓಗಿದ್ಯಂತೆ? ಇಂದಿನ್ ಸೀಟಲ್ಲಾದ್ರೂ ಕೂರಿಸ್ದೇನ್ಲಾ?"

"ಇಲ್ಲ. ಮುಂದಿನ್ ಸೀಟಲ್ಲಿ, ನನ್ ಪಕ್ಕದಲ್ಲಿ" ಎಂದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮಾತಿನ ಕೊನೆಗೆ 'ಸಾ' ಎಂಬ ಮರ್ಯಾದೆ ಸೇರಿಸಲಿಲ್ಲ.

"ತಪ್ಪಾಯ್ತು ಅನ್ನು. ಕಾರ ತೊಳ್ದು ಶಾಂತಿ ಮಾಡ್ಸು. ಕೆಲ್ಸದಾಗಿರು."

"ತಪ್ಪು ಮಾಡಿಲ್ಲ."

ಕೀಯನ್ನು ಜಗುಲಿಯ ಮೇಲಿಡಲಿಲ್ಲ, ಅವರ ಕೈಗೇ ಕೊಟ್ಟೆ. ನಿಲ್ದಾಣಕ್ಕೆ ಬಂದು ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಾ ನಿಂತೆ. ಬಹಳ ಹೊತ್ತು ಬಸ್ಸು ಬರಲಿಲ್ಲ. ಬೈದು ಹಿಂದಕ್ಕೆ ಕಳಿಸಲು ಈ ಸಲ ಯಾರೂ ಇರಲಿಲ್ಲ.